ಮುಂಬೈ, ಚೆನ್ನೈ, ಮಂಗಳೂರು: ಸಮುದ್ರದ ಪಕ್ಕದ ಊರಿನ ಹವೆ ವರ್ಷವಿಡೀ ಚೆನ್ನಾಗಿರುತ್ತಾ?

ತಂಗಿಯ ಮಗನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ. ಟ್ರೇನಿಂಗ್ ಮುಗಿದ ಮೇಲೆ ಮೂರು ಊರುಗಳ ಹೆಸರು ಕೊಟ್ಟು, ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದುಕೊಡು ಅಂದಿದ್ದಾರೆ. ಮುಂಬೈ, ಚೆನ್ನೈ, ಮಂಗಳೂರು. ಮೂರೂ ಸಮುದ್ರಕ್ಕೆ ತಾಗಿಕೊಂಡ ಊರುಗಳು. ಹುಡುಗ ಹುಟ್ಟಿ ಬೆಳೆದದ್ದು ಗದಗಿನಲ್ಲಿ, ಸಮುದ್ರ ನೋಡಿದ್ದು ಗೋಕರ್ಣಕ್ಕೆ ಹೋದಾಗ ಒಂದೇ ಸಲ. "ಮಾಮಾ, ನೀವು ಮೂರೂ ಕಡೆ ಇದ್ದು ಬಂದವರು. ಸಂಬಳ ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ. ಹವಾ ಎಲ್ಲಿ ಚಲೋ ಅದ ಹೇಳ್ರಿ" ಅಂತ ಫೋನ್ ಮಾಡಿದ.

ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಈ ವಿಷಯದಲ್ಲಿ ನನ್ನದೊಂದು ಹಳೆಯ ಜಗಳ ಇನ್ನೂ ತೀರಿಲ್ಲ. ಅದಕ್ಕೇ ಬರೆಯಲು ಕೂತೆ. ನಾನೂ ಬ್ಯಾಂಕಿನವನೇ. ಮುಂಬೈಯಲ್ಲಿ 11 ವರ್ಷ, ಚೆನ್ನೈಯಲ್ಲಿ 4, ಮಂಗಳೂರಿನಲ್ಲಿ 5 ವರ್ಷ ಕಳೆದು ಈಗ ಮತ್ತೆ ಗದಗಿಗೆ ಬಂದು ಕೂತಿದ್ದೇನೆ.

ಜಗಳ ನಡೆದದ್ದು ಮುಂಬೈ ಕಚೇರಿಯ ಕ್ಯಾಂಟೀನಿನಲ್ಲಿ. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಸಹೋದ್ಯೋಗಿ ಒಬ್ಬರಿದ್ದರು. ಅವರ ಮಾತು ಯಾವಾಗಲೂ ಒಂದೇ: "ದಿಲ್ಲಿ ಹಾಗೆ ಚಳಿ ಇಲ್ಲ, ನಿಮ್ಮ ಗದಗಿನ ಹಾಗೆ ಬಿಸಿಲಿಲ್ಲ. ವರ್ಷವಿಡೀ ಫಸ್ಟ್ ಕ್ಲಾಸ್ ಹವಾ ನಮ್ಮದು." ಇದನ್ನು ಹೇಳುವಾಗ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಕತ್ತು ತೋರಿಸಿ ನಗುತ್ತಿದ್ದೆವು. ಅವರು ನಂಬುತ್ತಲೇ ಇರಲಿಲ್ಲ.

ಅವರ ಕೈಯಲ್ಲಿ ಅಂಕಿ ಇತ್ತು, ಅದು ಸುಳ್ಳೂ ಅಲ್ಲ. ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದ ಸರಾಸರಿ ನೋಡಿ. ಜನವರಿಯಲ್ಲಿ ಹಗಲಿನ ಗರಿಷ್ಠ ಸುಮಾರು 31 ಡಿಗ್ರಿ. ಮೇ ತಿಂಗಳಲ್ಲಿ 33-34. ಜುಲೈ, ಆಗಸ್ಟ್‌ನಲ್ಲಿ 30. ಅಂದರೆ ಇಡೀ ವರ್ಷ ಹಗಲಿನ ಸರಾಸರಿ ಆಡುವುದೇ ನಾಲ್ಕು ಡಿಗ್ರಿ ಒಳಗೆ. ಗದಗಿನಲ್ಲಿ ಏಪ್ರಿಲ್‌ನಲ್ಲಿ 38 ದಾಟುವುದುಂಟು. ಕಾಗದದ ಮೇಲೆ ಮುಂಬೈ ಗೆದ್ದ ಹಾಗೆಯೇ, ಅಲ್ವಾ?

ಸೋಲುವುದು ರಾತ್ರಿಯಲ್ಲಿ. ಅದೇ ಕೇಂದ್ರದಲ್ಲಿ ಜನವರಿಯ ರಾತ್ರಿ ಸರಾಸರಿ 17 ಡಿಗ್ರಿಗೆ ಇಳಿಯುತ್ತದೆ, ಮೇ ತಿಂಗಳಲ್ಲಿ 27ರಿಂದ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಗದಗಿನ ಬಿಸಿಲು ಎಷ್ಟೇ ಉರಿದರೂ ಸಂಜೆ ಏಳಕ್ಕೆ ಅಂಗಳಕ್ಕೆ ನೀರು ಹೊಡೆದು ಮಂಚ ಹಾಕಿದರೆ ನಿದ್ದೆ ಬರುತ್ತದೆ. ಮುಂಬೈಯ ಮೇ ರಾತ್ರಿ ಹನ್ನೆರಡಕ್ಕೂ ಗೋಡೆ ಬೆಚ್ಚಗೆ, ದಿಂಬು ಹಸಿ.

ಸಮುದ್ರ ಇದ್ದರೆ ಸಾಲದು, ಅದು ತಣ್ಣಗೂ ಇರಬೇಕು

ಶಾಲೆಯಲ್ಲಿ ಓದಿದ್ದೇವೆ: ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ನಿಧಾನ. ಅದಕ್ಕೇ ಕರಾವಳಿಯ ಊರುಗಳಲ್ಲಿ ಚಳಿಯೂ ವಿಪರೀತ ಇಲ್ಲ, ಬಿಸಿಲೂ ವಿಪರೀತ ಇಲ್ಲ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ. ಆದರೆ ಹೆಚ್ಚು ಏರಿಳಿತ ಇಲ್ಲದ ಹವೆ ಅಂದ ಕೂಡಲೇ ನಾವು ಹಿತವಾದ ಹವೆ ಅಂತ ಓದಿಕೊಂಡುಬಿಡುತ್ತೇವೆ. ಸಮುದ್ರ ಮಾಡುವ ಕೆಲಸ ಇಷ್ಟೇ: ತಾನು ಎಷ್ಟು ಬೆಚ್ಚಗಿದೆಯೋ, ಊರನ್ನೂ ಅದರ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇರುವ ನಮ್ಮವರು ಅಲ್ಲಿನ ಹವೆ ಹೊಗಳುವುದನ್ನು ನಿಲ್ಲಿಸುವುದೇ ಇಲ್ಲ. ಹೊಗಳಲಿ ಬಿಡಿ, ನ್ಯಾಯವೇ. ಅಲ್ಲಿಯ ಕರಾವಳಿಗೆ ಉತ್ತರದಿಂದ ತಣ್ಣನೆಯ ಪ್ರವಾಹ ಬರುತ್ತದೆ. ನೀರು ಬೇಸಿಗೆಯಲ್ಲೂ ಸುಮಾರು 20 ಡಿಗ್ರಿ. ಪೆರು ದೇಶದ ಲಿಮಾ ಭೂಮಧ್ಯರೇಖೆಗೆ ನಮಗಿಂತ ಹತ್ತಿರ ಇದೆ, ಆದರೂ ಬೇಯುವುದಿಲ್ಲ. ಅಲ್ಲೂ ತಣ್ಣನೆಯ ಹಂಬೋಲ್ಟ್ ಪ್ರವಾಹವೇ ಕಾರಣ. ಬದಲಿಗೆ ತಿಂಗಳುಗಟ್ಟಲೆ ಬೂದುಬಣ್ಣದ ಆಕಾಶ, ಮಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೂರ್ತಿ ಪುಕ್ಕಟೆ ಯಾವ ಊರಿಗೂ ಸಿಕ್ಕಿಲ್ಲ.

ನಮ್ಮ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡೂ ಮೇ ತಿಂಗಳಲ್ಲಿ 30 ಡಿಗ್ರಿ ಹತ್ತಿರ ಇರುತ್ತವೆ. ಪಕ್ಕದಲ್ಲಿ ಬಿಸಿನೀರಿನ ಹಂಡೆ ಇಟ್ಟುಕೊಂಡು ಮಲಗಿದ ಹಾಗೆ. ಹಂಡೆ ಕುದಿಯುತ್ತಿಲ್ಲ ನಿಜ, ಆದರೆ ರಾತ್ರಿಯಿಡೀ ಆರುವುದೂ ಇಲ್ಲ, ಹಬೆಯಾಡುತ್ತಲೇ ಇರುತ್ತದೆ.

ಆ ಹಬೆಗೆ ಕರಾವಳಿಯಲ್ಲಿ ಒಂದು ಒಳ್ಳೆಯ ಹೆಸರಿದೆ: ಸೆಖೆ. ನಮ್ಮ ಮನೆಯಲ್ಲಿ ಈ ಮಾತು ಕೇಳಿದ್ದೇ ಕಡಿಮೆ. ಝಳ, ಧಗೆ, ಉರಿಬಿಸಿಲು ಎಲ್ಲ ಇತ್ತು. ಮಳೆಗೆ ಮುಂಚಿನ ನಾಲ್ಕು ದಿನ ಮಾತ್ರ "ಭಾಳ ಕುದಿ ಆಗೇದ" ಅನ್ನುತ್ತಿದ್ದೆವು. ಮಂಗಳೂರಿಗೆ ಹೋದ ಮೇಲೆ "ಎಂಥ ಸೆಖೆ ಮಾರಾಯ್ರೆ" ಅನ್ನುವುದು ನಮಸ್ಕಾರದಷ್ಟೇ ಮಾಮೂಲಾಯಿತು. ಬಿಸಿಲಿಗೆ ನೆರಳಿದೆ. ಸೆಖೆ ನೆರಳಿನಲ್ಲೂ ಕೂತಿರುತ್ತದೆ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಒಂದು ಕೂಲರಿನಿಂದ. 1998ರಲ್ಲಿ ಮುಂಬೈಗೆ ವರ್ಗ ಆದಾಗ ಸಾಮಾನಿನ ಲಾರಿಯಲ್ಲಿ ನಮ್ಮ ತಗಡಿನ ಕೂಲರನ್ನೂ ಹಾಕಿಸಿದ್ದೆ. ಗದಗಿನಲ್ಲಿ ಅದು ನಮ್ಮ ಮನೆಯ ರಾಜ. ಚೆಂಬೂರಿನ ಬಾಡಿಗೆ ಮನೆಯಲ್ಲಿ ಏಪ್ರಿಲ್‌ನಲ್ಲಿ ಕೊಡಗಟ್ಟಲೆ ನೀರು ತುಂಬಿ ಹಚ್ಚಿದೆ. ಮೊದಲ ದಿನ ಏನೂ ಗೊತ್ತಾಗಲಿಲ್ಲ. ಎರಡನೇ ದಿನ ಗೋಡೆಯ ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡಿತು. ಮೂರನೇ ದಿನ ಹಪ್ಪಳದ ಡಬ್ಬಿ ತೆಗೆದರೆ ಹಪ್ಪಳ ಚಪಾತಿಯ ಹಾಗೆ ಮಡಚುತ್ತಿತ್ತು. "ಇದನ್ನ ಬಂದ್ ಮಾಡ್ರಿ, ಹಾಸಿಗಿ ಎಲ್ಲ ಹಸಿ ಆಗ್ಯಾವ" ಅಂದಳು ಹೆಂಡತಿ. ನೀರು ಆವಿಯಾದರೆ ತಾನೆ ಕೂಲರ್ ತಂಪು ಕೊಡುವುದು? ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆವಿಯಾಗಿ ಹೋಗುವುದು ಎಲ್ಲಿಗೆ? ನಮ್ಮ ಮೈಯ ಬೆವರಿನ ಕಥೆಯೂ ಅದೇ. ಬೆವರು ಬರುತ್ತದೆ, ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ಮುಂದಿನ ವರ್ಷಗಳೆಲ್ಲ ಆ ಕೂಲರಿನಲ್ಲಿ ಉಳ್ಳಾಗಡ್ಡಿ ಇಟ್ಟಿದ್ದೆವು.

ಲೆಕ್ಕದಲ್ಲಿ ಹೇಳುವುದಾದರೆ, 32 ಡಿಗ್ರಿ ಬಿಸಿಗೆ ಗಾಳಿಯ ತೇವಾಂಶ ಶೇ 70 ಸೇರಿದರೆ ಮೈಗೆ 41 ಡಿಗ್ರಿಯ ಹಾಗೆ ತಾಗುತ್ತದೆ. ಹವಾಮಾನ ಇಲಾಖೆಯೂ ಇದನ್ನು ಒಪ್ಪಿಕೊಂಡಿದೆ ಅನ್ನಬೇಕು. ಬಯಲುಸೀಮೆಯಲ್ಲಿ ಬಿಸಿಗಾಳಿ ಅಂತ ಸಾರಲು ಕನಿಷ್ಠ 40 ಡಿಗ್ರಿ ಬೇಕು. ಕರಾವಳಿಗೆ ಆ ಗೆರೆ 37, ಜೊತೆಗೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಸಾಕು. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್ ಮೈದಾನದಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಿಸಿಲಲ್ಲಿ ಕೂತವರಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್ 6ರಂದು ಚೆನ್ನೈಯ ಮರೀನಾ ಬೀಚಿನಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಬಂದ ಐವರು ತೀರಿಕೊಂಡರು. ಎರಡೂ ಕಡೆ ಬಿಸಿಲು ಕಲಬುರಗಿಯವರು "ಇಷ್ಟೇನಾ" ಅನ್ನುವ ಮಟ್ಟದ್ದು.

ಹಾಗಾಗಿ ಯಾವ ಊರನ್ನಾದರೂ ಅಳೆಯುವಾಗ ಹಗಲಿನ ಗರಿಷ್ಠ ನೋಡಿ ಮೋಸ ಹೋಗಬೇಡಿ. ರಾತ್ರಿಯ ಕನಿಷ್ಠ ಎಷ್ಟು ನೋಡಿ. ಫೋನಿನ ಹವಾಮಾನ ಆ್ಯಪ್‌ನಲ್ಲಿ ಡ್ಯೂ ಪಾಯಿಂಟ್ ಅಂತ, ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ತೋರಿಸುವ ಒಂದು ಅಂಕಿ ಇರುತ್ತದೆ. ಅದು 16ರ ಕೆಳಗಿದ್ದರೆ ಆರಾಮ. 20 ದಾಟಿದರೆ ಅಂಟು ಶುರು. 24 ದಾಟಿತು ಅಂದರೆ ಸ್ನಾನ ಮಾಡಿ ಟವೆಲ್ ಇಡುವಷ್ಟರಲ್ಲಿ ಮತ್ತೆ ಬೆವರು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮೂರೂ ಊರುಗಳು ಬಹುಪಾಲು ಈ ಮೂರನೇ ಸಾಲಿನಲ್ಲೇ ಇರುತ್ತವೆ.

ಮುಂಬೈ: ಮೂರೂವರೆ ತಿಂಗಳ ಸ್ವರ್ಗ, ಉಳಿದದ್ದು ಹೊಂದಾಣಿಕೆ

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಮುಂಬೈಯನ್ನು ಬೈಯುವವರ ಬಾಯಿಗೆ ಬೀಗ ಹಾಕಬೇಕು. ಬೆಳಗಿನ ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತರೆ ಮುಖಕ್ಕೆ ತಣ್ಣನೆಯ ಗಾಳಿ. ಮಧ್ಯಾಹ್ನ ಬಿಸಿಲಿದ್ದರೂ ಬೆವರಿಲ್ಲ. 17 ಡಿಗ್ರಿಗೇ ಅಲ್ಲಿಯವರು ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ನಗು ಬರುತ್ತಿತ್ತು, ನಾಲ್ಕನೇ ವರ್ಷಕ್ಕೆ ನಾನೂ ಒಂದು ಕೊಂಡೆ. ನನ್ನ ಸಹೋದ್ಯೋಗಿಯ "ಫಸ್ಟ್ ಕ್ಲಾಸ್ ಹವಾ" ಇದೇ. ಅವರು ಈ ಮೂರೂವರೆ ತಿಂಗಳನ್ನು ಹಿಗ್ಗಿಸಿ ಹನ್ನೆರಡಕ್ಕೆ ಹೊದಿಸುತ್ತಿದ್ದರು ಅಷ್ಟೇ.

ಈಗ ಅದಕ್ಕೂ ಒಂದು ಕೊರತೆ ಬಂದಿದೆ. ಚಳಿಗಾಲದಲ್ಲಿ ಗಾಳಿ ಬೀಸುವುದು ಕಡಿಮೆಯಾದಾಗ ಕಟ್ಟಡ ಕೆಲಸದ ಧೂಳು, ವಾಹನದ ಹೊಗೆ ಊರಿನ ಮೇಲೇ ನಿಲ್ಲುತ್ತದೆ. ಇತ್ತೀಚಿನ ಚಳಿಗಾಲಗಳಲ್ಲಿ ಬೆಳಿಗ್ಗೆ ಎದ್ದರೆ ಎದುರಿನ ಕಟ್ಟಡ ಮಸುಕು. ಉಬ್ಬಸ ಇರುವವರು ಈ ತಿಂಗಳುಗಳನ್ನು ಸ್ವರ್ಗದ ಲೆಕ್ಕಕ್ಕೆ ಹಾಕಬೇಡಿ.

ಮುಂಬೈಯಲ್ಲಿ ತೀರಾ ಬಿಸಿಲಿನ ದಿನಗಳು ಮೇ ತಿಂಗಳಲ್ಲಿ ಬರುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಬರುವುದು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಭೂಮಿಯ ಕಡೆಯಿಂದ, ಅಂದರೆ ಮೂಡಣದಿಂದ, ಒಣಗಾಳಿ ಬೀಸುತ್ತದೆ. ಸಮುದ್ರದ ಗಾಳಿಯನ್ನು ಅದು ಮಧ್ಯಾಹ್ನದವರೆಗೂ ಒಳಗೆ ಬಿಡುವುದಿಲ್ಲ. ಸಮುದ್ರದ ಗಾಳಿ ಹನ್ನೊಂದಕ್ಕೆ ಬಂದ ದಿನ 33, ಮೂರಕ್ಕೆ ಬಂದ ದಿನ 38-39. ಸಾಂತಾಕ್ರೂಜ್‌ನ ದಾಖಲೆ 42.2 ಡಿಗ್ರಿ, 1952ರ ಏಪ್ರಿಲ್ 14ರದ್ದು. ನನಗಂತೂ ಆ ಒಣ ದಿನಗಳೇ ವಾಸಿ ಅನಿಸುತ್ತಿತ್ತು, ನಮ್ಮೂರು ನೆನಪಾಗುತ್ತಿತ್ತು. ಹೆಂಡತಿ ಒಪ್ಪುತ್ತಿರಲಿಲ್ಲ, ನಮ್ಮದು ಮೇಲಿನ ಮಹಡಿ.

ಮೇ ತಿಂಗಳು ಬರೀ ಕಾಯುವ ಕೆಲಸ. ಮಳೆ ಮುಂಬೈ ಮುಟ್ಟುವ ಮಾಮೂಲಿ ದಿನ ಜೂನ್ 11. 2025ರಲ್ಲಿ ಮೇ 26ಕ್ಕೇ ಬಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೊದಲ ಮಳೆಯ ದಿನ ಮುಂಬೈ ನೋಡಬೇಕು. ಕಚೇರಿಯ ಗಂಭೀರ ಮುಖಗಳೆಲ್ಲ ಕಿಟಕಿಗೆ ಬಂದು ನಿಲ್ಲುತ್ತವೆ. ಅಂಗಡಿಗಳ ಮುಂದೆ ನೀಲಿ ತಾಡಪತ್ರಿಯ ಸುರುಳಿಗಳು ತೂಗುತ್ತವೆ. ಬಿಸಿ 34ರಿಂದ 28ಕ್ಕೆ ಇಳಿಯುತ್ತದೆ.

ಮಳೆಗಾಲ ಹಿತವೋ ಅಲ್ಲವೋ ಅನ್ನುವುದು ನೀವು ಎಲ್ಲಿ ಕೂತಿದ್ದೀರಿ ಅನ್ನುವುದರ ಮೇಲೆ. ಮನೆಯಲ್ಲಿದ್ದು ಚಹಾ ಕುಡಿಯುವವರಿಗೆ ವರ್ಷದ ಒಳ್ಳೆಯ ಕಾಲ ಇದೇ, ತಂಪು, ಗಾಳಿ, ಹಸಿರು. ಕೆಲಸಕ್ಕೆ ಹೋಗುವವರ ಕಥೆ ಬೇರೆ. ಜುಲೈ ಒಂದೇ ತಿಂಗಳಲ್ಲಿ 800 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಗದಗಿಗೆ ವರ್ಷವಿಡೀ ಅಷ್ಟು ಬಿದ್ದರೆ ಹಬ್ಬ ಮಾಡುತ್ತೇವೆ. ಬೆಲ್ಟು, ಶೂಗಳ ಮೇಲೆ ಬೂಷ್ಟು ಬರುತ್ತದೆ. ಉಪ್ಪಿನ ಡಬ್ಬಿಯಲ್ಲಿ ನೀರು. ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸಿದರೂ ಒಂದು ಮುಗ್ಗಲು ವಾಸನೆ ಉಳಿದೇ ಉಳಿಯುತ್ತದೆ. ಲೋಕಲ್ ಬೋಗಿಯಲ್ಲಿ ನೂರಾರು ಜನರ ಅಂಗಿಯಿಂದ ಒಟ್ಟಿಗೆ ಬರುವ ಆ ವಾಸನೆಯೇ ನನಗೆ ಜುಲೈ.

ಮುಂಬೈಯ ಹವೆ ಅಂತ ಒಂದೇ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. 2005ರ ಜುಲೈ 26. ನಮ್ಮ ಕಚೇರಿ ಫೋರ್ಟ್‌ನಲ್ಲಿ. ಹೊರಗೆ ದಿನದ ಮಾಮೂಲಿ ಮಳೆ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾಲ್ಕು ಗಂಟೆಗೆ ಟ್ರೇನ್ ನಿಂತಿದೆ ಅಂದರು. ನಡೆಯುತ್ತಾ ಹೊರಟೆವು. ದಾದರ್ ದಾಟಿದ ಮೇಲೆ ಮೊಣಕಾಲು, ಸಾಯನ್ ಹತ್ತಿರ ಸೊಂಟ. ಒಂದು ಗುಡಿಯ ಕಟ್ಟೆಯಲ್ಲಿ ರಾತ್ರಿ ಕಳೆದು ಚೆಂಬೂರು ಮುಟ್ಟಿದಾಗ ಮರುದಿನ ಬೆಳಗಿನ ಎಂಟು. ಆ ಒಂದು ದಿನ ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು 944 ಮಿಲಿಮೀಟರ್. ಫೋರ್ಟ್ ಪಕ್ಕದ ಕೊಲಾಬಾದಲ್ಲಿ 73. ಒಂದೇ ಊರು, ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಆವತ್ತಿನ ಮಳೆ ಅಪರೂಪದ್ದು, ನಿಜ. ಆದರೆ ಜೋರು ಮಳೆ ಮತ್ತು ನಾಲ್ಕೂವರೆ ಮೀಟರಿನ ಭರತ, ಅಂದರೆ ಸಮುದ್ರದ ಉಬ್ಬರ, ಒಟ್ಟಿಗೆ ಬಂದರೆ ನೀರು ಸಮುದ್ರಕ್ಕೆ ಹರಿಯದೆ ಹಿಂದೆ ನಿಲ್ಲುವುದು ಪ್ರತಿ ವರ್ಷದ ಮಾತು. ದೊಡ್ಡ ಭರತದ ದಿನಗಳ ಪಟ್ಟಿಯನ್ನು ಪಾಲಿಕೆಯೇ ಮೊದಲೇ ಕೊಡುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಗಣಪತಿ ಹಬ್ಬ ಮುಗಿದು ಮಳೆ ಹಿಂದೆ ಸರಿದ ಕೂಡಲೇ ಹಾಯಾಗಿರುತ್ತದೆ ಅಂದುಕೊಂಡರೆ ಬರುವುದು ‘ಅಕ್ಟೋಬರ್ ಹೀಟ್’. ಮೋಡ ಹೋಗಿ ಬಿಸಿಲು ಬಂದಿರುತ್ತದೆ, ನೆಲ ಇನ್ನೂ ಹಸಿ. ಅಲ್ಲಿನವರೇ ಮೇ ತಿಂಗಳಿಗಿಂತ ಇದಕ್ಕೆ ಹೆಚ್ಚು ಹೆದರುತ್ತಾರೆ. ನನ್ನ ಸಹೋದ್ಯೋಗಿ ಅಕ್ಟೋಬರ್‌ನಲ್ಲಿ ಹವೆಯ ಸುದ್ದಿ ಎತ್ತುತ್ತಿರಲಿಲ್ಲ.

ಚೆನ್ನೈ: ತಲೆಕೆಳಗಾದ ಕ್ಯಾಲೆಂಡರ್

ಚೆನ್ನೈಗೆ ಹೋಗುವ ಕನ್ನಡಿಗರು ಮಾಡುವ ಮೊದಲ ತಪ್ಪು ಜೂನ್‌ನಲ್ಲಿ ಮಳೆ ಕಾಯುವುದು. ಬರುವುದಿಲ್ಲ. ಜೂನ್ ಅಲ್ಲಿ ಮೇ ತಿಂಗಳ ಎರಡನೇ ಭಾಗ. ನೈರುತ್ಯ ಮಳೆ ನಮ್ಮ ಘಟ್ಟಕ್ಕೆ ಸುರಿದು ಆಚೆ ಹೋಗುವಾಗ ಒಣಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸಂಜೆ ಗುಡುಗಿ ಒಂದು ಗಂಟೆ ಸುರಿಯುವುದುಂಟು, ಅದು ಬೋನಸ್. ಅವರ ನಿಜವಾದ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್. ವರ್ಷದ ಸುಮಾರು 1,400 ಮಿಲಿಮೀಟರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮೂರು ತಿಂಗಳಲ್ಲೇ ಬೀಳುತ್ತದೆ. ದೀಪಾವಳಿಯ ಪಟಾಕಿ ನೆನೆಯದ ವರ್ಷವೇ ಅಪರೂಪ ಅಂತ ಮನೆ ಮಾಲೀಕರು ಹೇಳುತ್ತಿದ್ದರು.

ಬೇಸಿಗೆ ವಿಷಯಕ್ಕೆ ಬಂದರೆ ಮೂರರಲ್ಲಿ ಕಠಿಣ ಚೆನ್ನೈಯೇ. ಮೇ, ಜೂನ್‌ನಲ್ಲಿ ಹಗಲಿನ ಸರಾಸರಿ 37-38, ರಾತ್ರಿ 28ರ ಹತ್ತಿರ. ಅಂದರೆ ಗದಗಿನ ಬಿಸಿಲು, ಮುಂಬೈಯ ಸೆಖೆ ಎರಡೂ ಒಟ್ಟಿಗೆ. ಮೇ ತಿಂಗಳ ಮೂರು ವಾರಗಳಿಗೆ ಅವರು ‘ಕತ್ತರಿ ವೆಯಿಲ್’ ಅನ್ನುತ್ತಾರೆ, ಪಂಚಾಂಗದಲ್ಲಿ ಅಗ್ನಿ ನಕ್ಷತ್ರ. 2003ರ ಮೇ 31ರಂದು 45 ಡಿಗ್ರಿ ಮುಟ್ಟಿತ್ತು.

ಮೊದಲ ಮೇ ತಿಂಗಳಲ್ಲಿ ಭಾನುವಾರ ಹನ್ನೊಂದಕ್ಕೆ ಸ್ನಾನಕ್ಕೆ ಹೋಗಿ ನಲ್ಲಿ ತಿರುಗಿಸಿದೆ. ಗೀಸರ್ ಬಂದ್ ಇದೆ, ನೀರು ಮಾತ್ರ ಮೈ ಸುಡುವ ಬಿಸಿ. ಮಹಡಿ ಮೇಲಿನ ಟ್ಯಾಂಕು ಬೆಳಗ್ಗೆಯಿಂದ ಕಾದಿತ್ತು. ಕೆಳಮನೆಯ ಅಜ್ಜಿ ನಕ್ಕು ಉಪಾಯ ಹೇಳಿಕೊಟ್ಟರು: ರಾತ್ರಿಯೇ ಎರಡು ಬಕೆಟ್ ತುಂಬಿಟ್ಟುಕೊಳ್ಳಿ, ಬೆಳಿಗ್ಗೆ ಅದರಲ್ಲಿ ಸ್ನಾನ. ನಾಲ್ಕು ವರ್ಷ ಹಾಗೇ ಮಾಡಿದೆವು.

ಒಂದು ಉಪಕಾರ ಇದೆ, ಸಮುದ್ರದ ಗಾಳಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ ಅದು ಹೊಕ್ಕಿತೆಂದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಪರದೆ ಉಬ್ಬುತ್ತದೆ, ಬಾಗಿಲು ಬಡಿಯುತ್ತದೆ. ಪಡುವಣದ ಒಣಗಾಳಿ ಜೋರಿದ್ದ ದಿನ ಅದು ಸಂಜೆಯವರೆಗೂ ಬರುವುದಿಲ್ಲ, ಆವತ್ತೇ 40 ದಾಟುವುದು. ಸಮುದ್ರದ ಪಕ್ಕದ ಬೆಸೆಂಟ್ ನಗರ, ತಿರುವಾನ್ಮಿಯೂರಿಗೆ ಬೇಗ ಬರುವ ಗಾಳಿ ಒಳಗಿನ ಅಂಬತ್ತೂರು, ಪೂನಮಲ್ಲಿ ಕಡೆಗೆ ತಡವಾಗಿ, ಸುಸ್ತಾಗಿ ಹೋಗುತ್ತದೆ. ಬಾಡಿಗೆ ವ್ಯತ್ಯಾಸದಲ್ಲಿ ಒಂದು ಪಾಲು ಈ ಗಾಳಿಯದ್ದೇ ಅಂತ ನನ್ನ ಅನುಮಾನ.

ಚೆನ್ನೈಯ ಒಳ್ಳೆಯ ಕಾಲ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ, ಎರಡೂವರೆ ತಿಂಗಳು. ಹಗಲು 30, ರಾತ್ರಿ 21. ಸಂಗೀತದ ಸೀಸನ್ ಆಗಲೇ ಇರುವುದು ಸುಮ್ಮನೆ ಅಲ್ಲ, ರೇಷ್ಮೆ ಸೀರೆ ಉಟ್ಟು ಸಭೆಯಿಂದ ಸಭೆಗೆ ಓಡಾಡಲು ಆಗುವ ಕಾಲ ಅದೊಂದೇ. ಆದರೆ ಡಿಸೆಂಬರ್‌ನ ಮೊದಲ ಪಾಲು ಜೂಜು. 2015ರ ಡಿಸೆಂಬರ್ 1ರ ಮಳೆಗೆ ಅಡ್ಯಾರ್ ನದಿ ಉಕ್ಕಿ ಊರು ಮುಳುಗಿತು, ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತ್ತು. 2016ರ ಡಿಸೆಂಬರ್ 12ಕ್ಕೆ ವರ್ಧಾ ಚಂಡಮಾರುತ ಸಾವಿರಾರು ಮರ ಉರುಳಿಸಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್. ಇಷ್ಟೆಲ್ಲ ನೀರು ಬಂದ ಊರಿನಲ್ಲೇ 2019ರ ಬೇಸಿಗೆಯಲ್ಲಿ ಕೆರೆಗಳು ಒಣಗಿ ಜನ ಟ್ಯಾಂಕರ್ ಹಿಂದೆ ಓಡಿದರು. ಹವೆ ನೋಡುವಾಗ ನೀರನ್ನೂ ನೋಡಬೇಕು ಅನ್ನುವುದು ಇದಕ್ಕೇ.

ಹೆಂಡತಿಯ ಲೆಕ್ಕದಲ್ಲಿ ಮಾತ್ರ ಚೆನ್ನೈಯೇ ಮೊದಲು. ಕಾರಣ ಒಂದೇ: ಬಟ್ಟೆ ಎರಡು ಗಂಟೆಯಲ್ಲಿ ಒಣಗುತ್ತದೆ, ಸಂಡಿಗೆ ಒಂದೇ ದಿನಕ್ಕೆ ತಯಾರು. ಮುಂಬೈಯ 11 ಜುಲೈಗಳನ್ನು ಕಂಡವಳ ಮಾತು, ತಳ್ಳಿಹಾಕುವಂತಿಲ್ಲ.

ಮಂಗಳೂರು: ಮಳೆ ಇಷ್ಟ ಇದ್ದರೆ ಮುಂದೆ ಓದಿ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಊರೇ ಛತ್ರಿಯ ಕೆಳಗೆ. ಶಾಲೆ ಮಕ್ಕಳು ಬೆಳಗ್ಗೆ ಎದ್ದ ಕೂಡಲೇ ಕೇಳುವುದು "ಡಿಸಿ ರಜೆ ಕೊಟ್ರಾ?" ಮುಂಬೈಗೆ ಹೋಲಿಸಿದರೆ ಇಲ್ಲಿ ಊರು ಏರು ತಗ್ಗಿನದು, ಬಿದ್ದ ನೀರು ಇಳಿದು ಹೋಗುತ್ತದೆ. ತಗ್ಗಿನ ಕೆಲವು ಕಡೆ ಬಿಟ್ಟರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಚೇರಿ ನಮಗೆ ಹತ್ತೇ ನಿಮಿಷದ ದಾರಿ, ಹಾಗಾಗಿ ಅದೇ ಮಳೆ ಇಲ್ಲಿ ಹಿತ ಅನಿಸಿತು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪಕ್ಕದ ಮನೆಯಿಂದ ಬಿಸಿ ಪತ್ರೊಡೆ ಬರುತ್ತಿತ್ತು. ಅದನ್ನೂ ಹವೆಯ ಲೆಕ್ಕಕ್ಕೆ ಸೇರಿಸುತ್ತೇನೆ, ಕ್ಷಮಿಸಿ.

ಮೋಸ ಇರುವುದು ಚಳಿಗಾಲದಲ್ಲಿ. ಡಿಸೆಂಬರ್, ಜನವರಿಯ ಮುಂಜಾವು 21 ಡಿಗ್ರಿ, ಚೆಂದ. ಮಧ್ಯಾಹ್ನ 33 ಮುಟ್ಟಿರುತ್ತದೆ. ಬೆಂಗಳೂರಿನವರು ಸ್ವೆಟರಿನಲ್ಲಿ ಇರುವಾಗ ಮಂಗಳೂರು, ಹೊನ್ನಾವರ, ಕಾರವಾರಗಳು ದೇಶದಲ್ಲೇ ಹೆಚ್ಚು ಬಿಸಿಯ ಊರು ಅಂತ ಸುದ್ದಿಯಾಗುವುದುಂಟು. ಘಟ್ಟ ಇಳಿದು ಬರುವ ಮೂಡಣ ಗಾಳಿ ಇಳಿಯುತ್ತಾ ಇಳಿಯುತ್ತಾ ಬಿಸಿಯಾಗುತ್ತದೆ, ಸಮುದ್ರದ ಗಾಳಿಯನ್ನು ತಡೆಯುತ್ತದೆ. ಮುಂಬೈಯ ಮಾರ್ಚ್‌ನ ಕಥೆಯೇ, ಎರಡು ತಿಂಗಳು ಮುಂಚೆ. ಮುಂಬೈಯ ಹಾಗೆ ಗಟ್ಟಿ ಚಳಿಗಾಲ ಇಲ್ಲಿ ಇಲ್ಲವೇ ಇಲ್ಲ. ಏಪ್ರಿಲ್, ಮೇ ಸೆಖೆಯಲ್ಲಿ ಮೂರೂ ಊರು ಸಮ. ಮೂರೂವರೆ ಸಾವಿರ ಮಿಲಿಮೀಟರ್ ಬಿದ್ದರೂ ಬೇಸಿಗೆಯ ಕೊನೆಗೆ ತುಂಬೆ ಅಣೆಕಟ್ಟಿನ ನೀರು ತಳ ಕಂಡು ಪಾಳಿಯಲ್ಲಿ ನೀರು ಬಿಟ್ಟ ವರ್ಷಗಳೂ ಇವೆ.

ಊರಿಗಿಂತ ಮನೆ ದೊಡ್ಡದು

ಇಷ್ಟು ವರ್ಷದಲ್ಲಿ ಕಲಿತದ್ದು: ಒಳ್ಳೆಯ ಊರಿನ ಕೆಟ್ಟ ಮನೆಗಿಂತ ಕೆಟ್ಟ ಊರಿನ ಒಳ್ಳೆಯ ಮನೆ ವಾಸಿ. ಎದುರುಬದುರು ಕಿಟಕಿ ಇದೆಯಾ ನೋಡಿ. ಒಂದೇ ಕಡೆ ಕಿಟಕಿ ಇದ್ದರೆ ಸಮುದ್ರದ ಗಾಳಿ ಬಾಗಿಲಿಗೆ ಬಂದು ವಾಪಸ್ ಹೋಗುತ್ತದೆ. ಮುಂಬೈ, ಮಂಗಳೂರಿನಲ್ಲಿ ಗಾಳಿ ಪಡುವಣದಿಂದ, ಚೆನ್ನೈಯಲ್ಲಿ ಮೂಡಣದಿಂದ. ಕೊನೆಯ ಮಹಡಿ ಬೇಡವೇ ಬೇಡ, ಸ್ಲ್ಯಾಬು ಹಗಲಿಡೀ ಕಾದು ರಾತ್ರಿ ನಿಮ್ಮ ಮೇಲೆ ಕಕ್ಕುತ್ತದೆ. ಮುಂಬೈಯಲ್ಲಿ ತೀರಾ ನೆಲಮಹಡಿಯೂ ಬೇಡ, ಕಾರಣ ಮೇಲೆ ಹೇಳಿದ್ದೇನೆ. ಸಮುದ್ರ ಕಾಣುವ ಮನೆಗೆ ಆಸೆಪಡುವವರು ಕಿಟಕಿಯ ಗ್ರಿಲ್ ಮುಟ್ಟಿ ನೋಡಿ. ಕೈಗೆ ತುಕ್ಕು ಹತ್ತಿದರೆ ನಿಮ್ಮ ಫ್ರಿಜ್ಜಿಗೂ ಏಸಿಗೂ ಅದೇ ಗತಿ.

ಮುಂಬೈಯಿಂದ ಒಳನಾಡಿನ ಕಡೆ ಇರುವ ಡೊಂಬಿವಿಲಿ, ಕಲ್ಯಾಣ್‌ನಲ್ಲಿ ನಮ್ಮವರು ಬಹಳ ಜನ ಇದ್ದಾರೆ, ಬಾಡಿಗೆಯೂ ಕಡಿಮೆ. ಆದರೆ ಅಲ್ಲಿ ಬೇಸಿಗೆಯ ಬಿಸಿಲು ಕೊಲಾಬಾಕ್ಕಿಂತ ನಾಲ್ಕಾರು ಡಿಗ್ರಿ ಮೇಲೆ ಹೋಗುವುದುಂಟು. ಪೇಪರಿನಲ್ಲಿ ಬರುವ ಮುಂಬೈಯ ಅಂಕಿ ನಿಮ್ಮದಲ್ಲ.

ಮನೆ ನೋಡಲು ಹೋಗುವುದಾದರೆ ಕೆಟ್ಟ ತಿಂಗಳಲ್ಲಿ ಹೋಗಿ. ಮುಂಬೈಗೆ ಜುಲೈ ಕೊನೆ, ಚೆನ್ನೈಗೆ ಜೂನ್ ಮೊದಲ ವಾರ, ಮಂಗಳೂರಿಗೆ ಏಪ್ರಿಲ್ ಮಧ್ಯಾಹ್ನ. ಜನವರಿಯಲ್ಲಿ ನೋಡಿ ಒಪ್ಪಿಕೊಂಡರೆ ಮದುವೆಮನೆಯ ಫೋಟೋ ನೋಡಿ ಹೆಣ್ಣು ಒಪ್ಪಿದ ಹಾಗೆ.

ನನ್ನ ತೀರ್ಮಾನ ಕೇಳಿದರೆ, ಬರೀ ಹವೆಗೆ ಮುಂಬೈ ಮೊದಲು. ನಿಜವಾದ ಚಳಿಗಾಲ ಇರುವುದು ಅಲ್ಲಿ ಮಾತ್ರ, ಮೂರೂವರೆ ತಿಂಗಳು ಗಟ್ಟಿ. ಮಳೆಗಾಲವನ್ನು ಮನೆಯಲ್ಲಿ ಕಳೆಯುವ ಭಾಗ್ಯ ಇದ್ದರೆ ಇನ್ನೂ ಎರಡು ತಿಂಗಳು ಸೇರಿಸಿಕೊಳ್ಳಿ. ಹವೆಯ ಜೊತೆ ದಿನದ ಓಡಾಟ ಸೇರಿಸಿದರೆ ಮಂಗಳೂರು ಮೇಲೆ ಬರುತ್ತದೆ. ಚೆನ್ನೈ ನನಗೆ ಮೂರನೆಯದು, ಬಿಸಿಲು ತಡೆಯುವವರಿಗೂ ಬಟ್ಟೆ ಒಗೆಯುವವರಿಗೂ ಹಾಗಲ್ಲ. ವರ್ಷವಿಡೀ ಹಿತವಾದ ಹವೆ ಮೂರರಲ್ಲಿ ಎಲ್ಲೂ ಇಲ್ಲ.

ಇದನ್ನೆಲ್ಲ ಹುಡುಗನಿಗೆ ಕಳಿಸಿದೆ. ಓದಿದನೋ ಇಲ್ಲವೋ, ಮಂಗಳೂರು ಮೊದಲು, ಮುಂಬೈ ಆಮೇಲೆ, ಚೆನ್ನೈ ಕೊನೆಗೆ ಅಂತ ಬರೆದುಕೊಟ್ಟಿದ್ದಾನಂತೆ. ನಿನ್ನೆ ಮತ್ತೆ ಫೋನ್: "ಮಾಮಾ, ನಿಮ್ಮ ಹಳೇ ಕೂಲರ್ ಇನ್ನೂ ಓಡ್ತದಲ್ಲ, ಅದನ್ನ ನಾ ಒಯ್ಲೇನು?"